ಕಾಗದದ ಮೇಲಿನ ಗುಮ್ಮಟ

1859ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ದೊಡ್ಡ ಆಕಾರದ ಪುಸ್ತಕದಲ್ಲಿ ವಿಜಾಪುರದ ಆದಿಲ್‌ಶಾಹಿ ಕಟ್ಟಡಗಳು ಗೆರೆಗಳಾಗಿ ಮಲಗಿವೆ. ಮೇಲುಪುಟದಲ್ಲಿ ಸಾತಾರೆಯ ಕಮಿಷನರ್ ಬಾರ್ಟಲ್ ಫ್ರೀರ್ ಹೆಸರಿದೆ. ನಕ್ಷೆ ಬರೆಸಿದ ಕ್ಯಾಪ್ಟನ್ ಪಿ. ಡಿ. ಹಾರ್ಟ್, ಅವನಿಗೆ ನೆರವಾದ ಸಿವಿಲ್ ಎಂಜಿನಿಯರ್ ಎ. ಕಮಿಂಗ್, ಸಂಪಾದಕ ಜೇಮ್ಸ್ ಫರ್ಗ್ಯುಸನ್ ಎಲ್ಲರೂ ಇದ್ದಾರೆ. ಇವರ ನಡುವೆ ‘ದೇಶೀ ನಕ್ಷೆಗಾರರು’ ಎಂಬ ಒಂದು ಮಾತೂ ಇದೆ. ಅವರು ಎಷ್ಟು ಮಂದಿ, ಯಾವ ಊರಿನವರು ಎಂಬುದನ್ನು ಮೇಲುಪುಟ ಹೇಳುವುದಿಲ್ಲ. ಆದರೆ ಗೋಳಗುಮ್ಮಟದಂಥ ಕಟ್ಟಡವನ್ನು ಅಡಿ-ಇಂಚುಗಳಲ್ಲಿ ಅಳೆದು ಕಾಗದಕ್ಕೆ ಇಳಿಸಿದ ಮೊದಲಿಗರಲ್ಲಿ ಅವರೂ ಸೇರಿದ್ದರು. ಮುಂದಿನ ನೂರೈವತ್ತಕ್ಕೂ ಹೆಚ್ಚು ವರ್ಷ ನಮ್ಮ ಸೀಮೆಯ ಕಟ್ಟಡಗಳನ್ನು ಜಗತ್ತು ನೋಡಿದ್ದು ಬಹುಪಾಲು ಇಂಥ ಕಾಗದಗಳ ಮೂಲಕವೇ. ಆ ಕಾಗದವನ್ನು ಮತ್ತೆ ಕಟ್ಟಡವಾಗಿ ಎಬ್ಬಿಸಲು ಹೊರಟವರ ಕಥೆ ಇದು.

ಆಗಿನ ರಾಜಕೀಯ ಸ್ವಲ್ಪ ತಿಳಿದಿರಬೇಕು. 1848ರಲ್ಲಿ ಸಾತಾರೆಯ ಗಾದಿಗೆ ವಾರಸುದಾರರಿಲ್ಲವೆಂದು ಕಂಪನಿ ಸರಕಾರ ಆ ಸಂಸ್ಥಾನವನ್ನು ನುಂಗಿತು. ಅದರೊಂದಿಗೆ ವಿಜಾಪುರವೂ ಅವರ ಕೈಸೇರಿತು. 1864ರಲ್ಲಿ ಕಲಾದಗಿ ಜಿಲ್ಲೆ ಹುಟ್ಟಿತು. ಘಟಪ್ರಭೆಯ ದಂಡೆಯ ಕಲಾದಗಿಯೇ ಅದರ ಮುಖ್ಯಸ್ಥಳ. ಅದೇ ನದಿಯ ಮೇಲುದಿಕ್ಕಿನ ಮುಧೋಳ ಘೋರ್ಪಡೆ ದೊರೆಗಳದು, ಜಮಖಂಡಿ ಪಟವರ್ಧನರದು. ಇಂದು ಮುಧೋಳ ತಾಲ್ಲೂಕಿನ ತಿಮ್ಮಾಪುರವೆಂದರೆ ರನ್ನನ ಹೆಸರಿನ ನಗರ ಮತ್ತು ಸಕ್ಕರೆ ಕಾರ್ಖಾನೆ ನೆನಪಾಗುತ್ತವೆ. ಅಂದು ಈ ಪ್ರದೇಶ ಬ್ರಿಟಿಷ್ ಮುಲುಕು ಮತ್ತು ಸಂಸ್ಥಾನಗಳು ಹೆಣೆದುಕೊಂಡಿದ್ದ ಸೀಮೆ. ಇಲ್ಲಿಂದ ಬಡಗಣಕ್ಕೆ ಹೋದರೆ ವಿಜಾಪುರದ ಗುಮ್ಮಟಗಳು, ತೆಂಕಮೂಡಣಕ್ಕೆ ಹೋದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಗುಡಿಗಳು. ಭಾರತದ ವಾಸ್ತು ಇತಿಹಾಸದ ಎರಡು ದೊಡ್ಡ ವಾದಗಳು ಈ ಎರಡು ದಿಕ್ಕುಗಳಿಂದಲೇ ಎದ್ದವು. ಎರಡರಲ್ಲೂ ಚಪ್ಪಟೆ ನಕ್ಷೆಯ ಪಾಲಿದೆ.

ಹಾರ್ಟ್‌ನ ತಂಡ ಬಳಸಿದ ವಿದ್ಯೆ ಫ್ರಾನ್ಸಿನದು. ಗಾಸ್ಪಾರ್ ಮೋಂಜ್ ಎಂಬ ಗಣಿತಜ್ಞ ಮೆಜಿಯೇರ್‌ನ ಸೈನಿಕ ಶಾಲೆಯಲ್ಲಿ ಕೋಟೆಗಳ ವಿನ್ಯಾಸಕ್ಕೆಂದು ಕಂಡುಕೊಂಡ ಪದ್ಧತಿ ಅದು. ವಸ್ತುವನ್ನು ಮೇಲಿನಿಂದ ನೋಡಿ ಒಂದು ಚಿತ್ರ, ಎದುರಿನಿಂದ ಒಂದು, ನಡುವೆ ಸೀಳಿ ಇನ್ನೊಂದು. ಬಹುಕಾಲ ಅದು ಸೈನಿಕ ಗುಟ್ಟಾಗಿತ್ತು. 1795ರ ಉಪನ್ಯಾಸಗಳ ಮೂಲಕ ಹೊರಬಿದ್ದು ಎಂಜಿನಿಯರುಗಳ ಸಾಮಾನ್ಯ ಭಾಷೆಯಾಯಿತು. ಈ ಮೂರು ಚಿತ್ರಗಳನ್ನು ಮನಸ್ಸಿನಲ್ಲಿ ಕೂಡಿಸಿಕೊಂಡವನಿಗೆ ಕಟ್ಟಡ ಕಾಣುತ್ತದೆ ಎಂಬುದು ಅದರ ನಂಬಿಕೆ. ಮಾಮೂಲಿ ಕಟ್ಟಡಗಳಿಗೆ ಆ ನಂಬಿಕೆ ನಿಲ್ಲುತ್ತದೆ. ಗೋಳಗುಮ್ಮಟಕ್ಕೆ ಬಂದಾಗ ಅಲುಗಾಡುತ್ತದೆ.

ಮುಹಮ್ಮದ್ ಆದಿಲ್‌ಶಾಹ 1656ರಲ್ಲಿ ತೀರಿಕೊಂಡ. ಅವನ ಗೋರಿಯ ಮೇಲಿನ ಈ ಕಟ್ಟಡದ ತಳನಕ್ಷೆಯಷ್ಟು ಸರಳವಾದದ್ದು ಬೇರೊಂದಿಲ್ಲ. ಒಂದು ದೊಡ್ಡ ಚೌಕ, ನಾಲ್ಕು ಮೂಲೆಗೆ ನಾಲ್ಕು ಮಿನಾರು. ಚೌಕದೊಳಗೆ ಮಾತ್ರ ಎಂಟು ಗೆರೆಗಳು ಒಂದನ್ನೊಂದು ದಾಟಿ ರಂಗೋಲಿಯ ನಕ್ಷತ್ರದ ಹಾಗೆ ಕಾಣುತ್ತವೆ. ಈ ಗೆರೆಗಳಲ್ಲೇ ಕಟ್ಟಡದ ಜೀವ ಇರುವುದು. ಅವು ಎಂಟು ಕಮಾನುಗಳು. ಒಂದರ ಮೇಲೊಂದು 45 ಅಂಶ ತಿರುಗಿಸಿಟ್ಟ ಎರಡು ಚೌಕಗಳ ಬದಿಗಳ ಮೇಲೆ ಅವು ಏಳುತ್ತವೆ, ಮೇಲೇರುತ್ತ ಒಂದನ್ನೊಂದು ಕತ್ತರಿಸುತ್ತವೆ. ಕತ್ತರಿಸಿದ ಕಡೆ ಹುಟ್ಟುವ ಬಾಗುಮೈಗಳು ಒಳಮುಖವಾಗಿ ಚಾಚಿ, ಚೌಕವನ್ನು ಎಂಟು ಮೂಲೆಯಾಗಿಯೂ ಎಂಟು ಮೂಲೆಯನ್ನು ವೃತ್ತವಾಗಿಯೂ ಬದಲಿಸುತ್ತವೆ. ಫರ್ಗ್ಯುಸನ್ ಕೊಡುವ ಲೆಕ್ಕದಲ್ಲಿ 135 ಅಡಿ ಚೌಕದ ಸಭಾಂಗಣ ಹೀಗೆ ಕಿರಿದಾಗುತ್ತ 97 ಅಡಿ ವ್ಯಾಸದ ತೆರಪಾಗುತ್ತದೆ. ಅದರ ಅಂಚಿನ ಹಿಂದೆ ಸರಿದು 124 ಅಡಿ 5 ಇಂಚು ವ್ಯಾಸದ ಗುಮ್ಮಟ ಕೂತಿದೆ. ನಡುವೆ ಉಳಿದ ಜಾಗವೇ ನಾವೆಲ್ಲ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಣಿಸುವ ಪಿಸುಗುಟ್ಟುವ ಮೊಗಸಾಲೆ. ತಳನಕ್ಷೆಯಲ್ಲಿ ಈ ಬಾಗುಮೈ ಕಾಣುವುದಿಲ್ಲ, ಎದುರುನೋಟದಲ್ಲಂತೂ ಇಲ್ಲವೇ ಇಲ್ಲ. ಛೇದಚಿತ್ರದಲ್ಲಿ ಸೀಳಿದ ಒಂದು ಗೆರೆ ಮಾತ್ರ ಸಿಗುತ್ತದೆ.

ಕಲ್ಕತ್ತೆಯಲ್ಲಿ ನೀಲಿ ವ್ಯಾಪಾರ ಮಾಡಿ, ದೇಶ ಸುತ್ತಿ, ಇಂಗ್ಲೆಂಡಿಗೆ ಮರಳಿ ವಾಸ್ತು ಇತಿಹಾಸಕಾರನಾದ ಫರ್ಗ್ಯುಸನ್ ಈ ಕಟ್ಟಡಕ್ಕೆ ಮರುಳಾದ. ರೋಮಿನ ಪ್ಯಾಂಥಿಯನ್ನಿನ ಗೋಡೆಗಳೊಳಗಿನ ನೆಲ 15,833 ಚದರ ಅಡಿ, ಇದರದ್ದು 18,225 ಎಂದು ಹೋಲಿಸಿ ಬರೆದ. ಆ ಒಳಚಾಚಿದ ಕಮಾನುಗಳ ಭಾರ ಗುಮ್ಮಟದ ಹೊರದೂಡುವ ಒತ್ತಡಕ್ಕೆ ಎದುರುತೂಕವಾಗಿ ನಿಂತಿದೆ ಎಂದು ವಿವರಿಸಿದ. ವಿವರಣೆ ಚೆನ್ನಾಗಿಯೇ ಇದೆ. ಆದರೆ 18,225 ಎಂಬುದು 135ನ್ನು 135ರಿಂದ ಗುಣಿಸಿದರೆ ಬರುವ ಲೆಕ್ಕ. ಪುರಾತತ್ವ ಸರ್ವೇಕ್ಷಣೆಯ ಹೆನ್ರಿ ಕೌಸೆನ್ಸ್ ಮುಂದೆ ಸ್ಥಳದಲ್ಲೇ ಅಳೆಸಿದಾಗ ಬದಿಯ ಉದ್ದ 135 ಅಡಿ 5 ಇಂಚು ಬಂತು. ಅದರ ವರ್ಗ 18,337 ಚದರ ಅಡಿ ದಾಟುತ್ತದೆ. ಅದರಲ್ಲಿ ಕಂಬಗೋಡೆಗಳ ಮೂಲೆಗಳು ಒಳಚಾಚಿದ 228 ಚದರ ಅಡಿಯನ್ನು ಕಳೆದು ಅವನು 18,109 ಎಂದು ನಿಲ್ಲಿಸಿದ. ಕಟ್ಟಡ ಒಂದೇ, ನಕ್ಷೆ ಓದಿದವನ ಲೆಕ್ಕ ಬೇರೆ, ಒಳಗೆ ನಿಂತವನ ಲೆಕ್ಕ ಬೇರೆ. ಗುಮ್ಮಟ ನಿಂತದ್ದು ಹೇಗೆ ಎಂಬುದರಲ್ಲೂ ಕೌಸೆನ್ಸ್‌ಗೆ ಫರ್ಗ್ಯುಸನ್ನನ ಎದುರುತೂಕಕ್ಕಿಂತ ವಿಜಾಪುರದ ಗಾರೆಯ ಮೇಲೆ ಹೆಚ್ಚು ಭರವಸೆ. ಇಟ್ಟಿಗೆ ಮತ್ತು ಗಾರೆ ಬೆಸೆದು ಒಂದೇ ಗಟ್ಟಿ ಚಿಪ್ಪಾಗಿರುವುದರಿಂದ ಅದು ನಿಂತಿದೆ ಎಂಬ ಕಡೆಗೆ ಅವನ ಒಲವು. ಎರಡೂ ಕಾರಣಗಳು ಸ್ವಲ್ಪ ಸ್ವಲ್ಪ ನಿಜವಿರಬೇಕು ಎಂದು ನನಗೆ ತೋರುತ್ತದೆ. ಗಾರೆಯ ಗುಣ ಯಾವ ಗೆರೆಯಲ್ಲೂ ಬರುವುದಿಲ್ಲವೆಂಬುದು ಮಾತ್ರ ಖಂಡಿತ.

ಹಾರ್ಟ್‌ನ ಪುಸ್ತಕ ಹೊರಬರುವ ಮೊದಲೇ ಕ್ಯಾಮೆರಾ ಈ ಸೀಮೆಗೆ ಕಾಲಿಟ್ಟಿತ್ತು. 1855ರಲ್ಲಿ ಮುಂಬಯಿ ತೋಪಖಾನೆಯ ಥಾಮಸ್ ಬಿಗ್ಸ್‌ನನ್ನು ಕಂಪನಿ ಸರಕಾರ ಚಿತ್ರಗ್ರಾಹಕನನ್ನಾಗಿ ನೇಮಿಸಿತು. ಕಾಗದದ ನೆಗೆಟಿವ್ ಬಳಸುವ ಪದ್ಧತಿಯಲ್ಲಿ ಅವನು ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಹಿಡಿದ. ಬಲುಬೇಗ ಅವನನ್ನು ಪಲ್ಟಣಿಗೆ ವಾಪಸ್ ಕರೆಸಿಕೊಂಡರು. ಕೆಲಸ ಡಾಕ್ಟರ್ ಪಿಗೂ ಎಂಬ ವೈದ್ಯನ ಪಾಲಿಗೆ ಬಂತು. 1866ರಲ್ಲಿ ಈ ಚಿತ್ರಗಳು ಎರಡು ಸಂಪುಟಗಳಾದವು, ಒಂದು ವಿಜಾಪುರದ್ದು, ಇನ್ನೊಂದು ಧಾರವಾಡ-ಮೈಸೂರಿನದು. ಇತಿಹಾಸದ ಭಾಗ ಬರೆದವನು ಸುರಪುರದ ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಫರ್ಗ್ಯುಸನ್ನನದು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ ಮುಂಬಯಿಯಲ್ಲಿ ಹಣ ಹರಿಯುತ್ತಿದ್ದ ಕಾಲವದು. ಪ್ರೇಮಚಂದ್ ರಾಯಚಂದ್‌ನಂಥ ವರ್ತಕರು ಈ ಮಾಲೆಗೆ ಕೈಬಿಚ್ಚಿ ಕೊಟ್ಟರು. ವಿಜಾಪುರದ ಸಂಪುಟದಲ್ಲಿ ಒಂದು ವಿಚಿತ್ರವಿದೆ. ಕಟ್ಟಡಗಳ ಫೋಟೋಗಳ ಜೊತೆಗೆ ಹಾರ್ಟ್‌ನ ನಕ್ಷೆಗಳ ಫೋಟೋಗಳೂ ಇವೆ. ಹೊಸ ಯಂತ್ರ ಬಂದ ಮೇಲೂ ಗೆರೆಯನ್ನು ಕೈಬಿಡಲು ಯಾರಿಗೂ ಮನಸ್ಸಾಗಲಿಲ್ಲ.

ಇದೇ ವರ್ಷಗಳಲ್ಲಿ ಜರ್ಮನಿಯ ವೆಟ್ಸ್ಲರ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. 1858ರಲ್ಲಿ ಅಲ್ಲಿನ ದೊಡ್ಡ ಚರ್ಚನ್ನು ಅಳೆಯಲು ಹತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ಯುವಕ ಬೀಳುವುದರಲ್ಲಿ ಕೂದಲೆಳೆಯಲ್ಲಿ ಪಾರಾದ. ಕಟ್ಟಡ ಹತ್ತದೆಯೇ ಅದರ ಫೋಟೋಗಳಿಂದ ಅಳತೆ ತೆಗೆಯಬಾರದೇಕೆ ಎಂದು ಅವನಿಗೆ ಹೊಳೆದದ್ದು ಆಗಲೇ. ಎರಡು ಕಡೆಯಿಂದ ತೆಗೆದ ಚಿತ್ರಗಳಲ್ಲಿ ಒಂದೇ ಬಿಂದುವನ್ನು ಗುರುತಿಸಿದರೆ ಅದರ ದೂರವನ್ನು ಲೆಕ್ಕ ಹಾಕಬಹುದು. ಇಂದು ಮೊಬೈಲ್ ಫೋಟೋಗಳಿಂದ ಮೂರು ಆಯಾಮದ ಮಾದರಿ ಎಬ್ಬಿಸುವ ಸಾಫ್ಟ್‌ವೇರ್‌ಗಳೆಲ್ಲ ನಿಂತಿರುವುದು ಆ ತತ್ವದ ಮೇಲೆ. ಬಿಗ್ಸ್ ತನ್ನ ಕ್ಯಾಮೆರಾದಲ್ಲಿ ಚಂದ ಹಿಡಿದ, ಅದರಿಂದ ಅಳತೆ ತೆಗೆಯುವ ಯೋಚನೆ ಈ ಕಡೆಗೆ ಬರಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಚಪ್ಪಟೆ ನಕ್ಷೆಯಿಂದ ಎದ್ದ ಎರಡನೆಯ ವಾದ ಐಹೊಳೆಯ ದುರ್ಗದ ಗುಡಿಯದು. 1874ರ ಜನವರಿಯಿಂದ ಮೇವರೆಗೆ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸುತ್ತಿದ. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊದಲ ಹಂಗಾಮು ಅದು. ಈ ಗುಡಿಯ ತಳನಕ್ಷೆಯನ್ನು ಯಾರು ನೋಡಿದರೂ ಹಿಂಬದಿಯ ಅರ್ಧವೃತ್ತಕ್ಕೆ ಕಣ್ಣು ಹೋಗುತ್ತದೆ. ಕಾರ್ಲೆ, ಅಜಂತಾಗಳ ಬೌದ್ಧ ಚೈತ್ಯಗಳ ಆಕಾರವೂ ಹೀಗೆಯೇ. ಫರ್ಗ್ಯುಸನ್ ಇದನ್ನು ಚೈತ್ಯದ ನೇರ ಸಂತಾನವೆಂದು ಬಗೆದ. ಬೌದ್ಧರ ಕಟ್ಟಡವನ್ನೇ ಆಮೇಲೆ ಹಿಂದೂ ಗುಡಿಯಾಗಿ ಮಾರ್ಪಡಿಸಿರಬಹುದು, ಆದ್ದರಿಂದ ಬಹಳ ಹಳೆಯದು ಎಂಬ ಮಾತು ಬಹುಕಾಲ ಓಡಿತು.

ಗುಡಿಯ ಮುಂದೆ ನಿಂತರೆ ಚೈತ್ಯದ ನೆನಪು ಅಷ್ಟಾಗಿ ಬರುವುದಿಲ್ಲ. ಆಳೆತ್ತರದ ಅಧಿಷ್ಠಾನ, ಸುತ್ತ ತೆರೆದ ಕಂಬಸಾಲು, ಕಂಬಸಾಲಿನ ಒಳಗೋಡೆಯ ಗೂಡುಗಳಲ್ಲಿ ಮಹಿಷಮರ್ದಿನಿ, ವರಾಹ, ನರಸಿಂಹ. ಮೇಲೆ ಉತ್ತರದ ನಾಗರ ಶೈಲಿಯ ಅರೆಯಾದ ಶಿಖರ. ಬಾಗಿದ ಕಮಾನು ಛಾವಣಿ ಚೈತ್ಯದ ಆತ್ಮವೆನ್ನಬಹುದು, ಅದು ಇಲ್ಲಿ ಇಲ್ಲವೇ ಇಲ್ಲ. ನೆಲದ ಮೇಲಿನ ಗೆರೆಯಷ್ಟನ್ನೇ ನೋಡಿದ್ದರಿಂದ ಮೂಡಿದ ತೀರ್ಮಾನವದು. ಶ್ರೀನಿವಾಸ ಪಾಡಿಗಾರರು ಶಾಸನದ ಆಧಾರದಿಂದ ಇದು ಕೊಮಾರ ಎಂಬುವನು ಕಟ್ಟಿಸಿದ ಆದಿತ್ಯನ ಗುಡಿಯೆಂದು ತೋರಿಸಿದ ಮೇಲೆ ಕಾಲವೂ ಎಂಟನೆಯ ಶತಮಾನಕ್ಕೆ ಇಳಿಯಿತು. ಪಕ್ಕದ ಲಾಡಖಾನ್ ಗುಡಿಯದ್ದೂ ಇದೇ ಪಾಡು. 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗ್ಗೆ ಹೊರತಂದ ತನ್ನ ದೊಡ್ಡ ಸಂಪುಟದಲ್ಲಿ ಕೌಸೆನ್ಸ್ ಅದನ್ನು ಸುಮಾರು 450ರದೆಂದಿದ್ದ. ಈಗಿನ ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಎರಡು-ಮೂರು ಶತಮಾನ ಈಚೆಗೆ ತರುತ್ತಾರೆ. ಎಷ್ಟು ಈಚೆಗೆ ಎಂಬುದರಲ್ಲಿ ಅವರಲ್ಲೇ ಒಮ್ಮತವಿಲ್ಲ.

ಕೌಸೆನ್ಸ್‌ನನ್ನು ಹೀಗೆ ಮೂದಲಿಸಿ ಬಿಡುವುದು ಸರಿಯಲ್ಲ. 1916ರಲ್ಲಿ ಬಂದ ಅವನ ವಿಜಾಪುರದ ಸಂಪುಟದಲ್ಲಿರುವ ನಕ್ಷೆಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ಮಾದರಿ ಮಾಡಲು ಕೂತವರು ಮೊದಲು ಹುಡುಕುವುದು ಅವನ್ನೇ.

ಗೆರೆ ಮತ್ತು ಗಾತ್ರದ ನಡುವಿನ ದೊಡ್ಡ ತಿರುವು ಕಂಪ್ಯೂಟರಿನಿಂದ ಬಂತೆಂದು ಹೇಳುವುದು ವಾಡಿಕೆ. ನಮ್ಮ ಗುಡಿಗಳ ಮಟ್ಟಿಗೆ ಅದು ಪೆನ್ಸಿಲಿನಿಂದ ಬಂತು. ಬ್ರಿಟನ್ನಿನ ವಾಸ್ತುಶಿಲ್ಪಿ ಆಡಮ್ ಹಾರ್ಡಿ ಕರ್ನಾಟ-ದ್ರಾವಿಡ ಗುಡಿಗಳ ಮೇಲೆ 1995ರಲ್ಲಿ ಪುಸ್ತಕ ತಂದ. ಅವನು ಬರೆದದ್ದು ಮೇಲಿನಿಂದ ಓರೆಯಾಗಿ ನೋಡಿದಂಥ, ಮೂರು ಬದಿಗಳೂ ಒಟ್ಟಿಗೆ ಕಾಣುವ ಚಿತ್ರಗಳು. ಅವುಗಳಲ್ಲಿ ಪಟ್ಟದಕಲ್ಲಿನ ಗೋಡೆ ಗೋಡೆಯಾಗಿ ಉಳಿಯುವುದಿಲ್ಲ. ಅದು ಪುಟ್ಟ ಪುಟ್ಟ ಗುಡಿಗಳ ಗುಂಪಾಗಿ ಒಡೆಯುತ್ತದೆ. ಪ್ರತಿ ಪುಟ್ಟ ಗುಡಿಯೂ ದೊಡ್ಡ ಗುಡಿಯ ಮೈಯಿಂದ ಅರ್ಧ ಹೊರಬಂದು ನಿಂತಂತೆ ಕಾಣುತ್ತದೆ. ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿಗಾಗಿ ವಿರೂಪಾಕ್ಷ ಗುಡಿಯನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ, ಅಲ್ಲಿನ ಶಾಸನ ಹೊಗಳುವ ಸರ್ವಸಿದ್ಧಿ ಆಚಾರಿ ಇವರೆಲ್ಲ ಕಲ್ಪಿಸಿಕೊಂಡದ್ದು ಗಾತ್ರವನ್ನು. ವಸಾಹತು ಕಾಲದ ಎದುರುನೋಟದ ನಕ್ಷೆಗಳು ಆ ಗಾತ್ರವನ್ನು ಅಲಂಕಾರದ ಪಟ್ಟಿಗಳಾಗಿ ಚಪ್ಪಟೆ ಮಾಡಿದ್ದವು. ಹಾರ್ಡಿಯ ಚಿತ್ರಗಳನ್ನು ನೋಡಿ ಮತ್ತೆ ಪಟ್ಟದಕಲ್ಲಿಗೆ ಹೋದವರಿಗೆ ಆ ಗೋಡೆ ಮೊದಲಿನ ಹಾಗೆ ಕಾಣುವುದಿಲ್ಲ.

ಕಂಪ್ಯೂಟರಿನ ಕಥೆ ಬೇರೆ ದಾರಿಯಲ್ಲಿ ನಡೆದಿತ್ತು. 1963ರಲ್ಲಿ ಎಂಐಟಿಯ ಇವಾನ್ ಸದರ್‌ಲ್ಯಾಂಡ್ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದು ತೋರಿಸಿದ. 1982ರಲ್ಲಿ ಬಂದ ಆಟೋಕ್ಯಾಡ್ ಆ ವಿದ್ಯೆಯನ್ನು ಸಾಮಾನ್ಯ ಕಚೇರಿಗೆ ತಂದಿತು. ಮೂರು ನೋಟಗಳನ್ನು ಕೊಟ್ಟರೆ ಯಂತ್ರ ತಾನಾಗಿ ಘನವಸ್ತುವನ್ನು ಕಟ್ಟಬಲ್ಲುದೇ ಎಂಬ ಪ್ರಶ್ನೆಯನ್ನು ಐಬಿಎಂನ ವೆಸ್ಲಿ ಮತ್ತು ಮಾರ್ಕೋವ್‌ಸ್ಕಿ 1980-81ರಲ್ಲಿ ಕೈಗೆತ್ತಿಕೊಂಡರು. ಉತ್ತರ ಬೆರಗಿನದು: ಕಟ್ಟಬಲ್ಲುದು, ಆದರೆ ಅವೇ ಮೂರು ನೋಟಗಳಿಗೆ ಒಂದಕ್ಕಿಂತ ಹೆಚ್ಚು ವಸ್ತುಗಳು ಸರಿಹೊಂದಬಹುದು. ಮೋಂಜ್‌ನ ಪದ್ಧತಿಯಲ್ಲಿ ಓದುವವನ ತಲೆ ಯಾವಾಗಲೂ ಒಂದು ಪಾಲು ಕೆಲಸ ಮಾಡುತ್ತಿತ್ತು. ಯಂತ್ರದ ಮುಂದೆ ಆ ಪಾಲು ಬಯಲಾಯಿತು.

ಯಂತ್ರಭಾಗದ ನಕ್ಷೆಯಲ್ಲಿ ಈ ತೊಡಕು ಕಡಿಮೆ. ತಿಮ್ಮಾಪುರದಂಥ ಕಡೆಯ ಕಬ್ಬಿನ ಗಾಣದ ರೋಲರಿನ ನಕ್ಷೆಯನ್ನು ಅದನ್ನು ಮಾಡುವವನಿಗಾಗಿಯೇ ಬರೆದಿರುತ್ತಾರೆ. ಅದರಲ್ಲಿ ಬೇಕಾದ ಅಳತೆಗಳೆಲ್ಲ ಇರುತ್ತವೆ. ಡೆನ್ಮಾರ್ಕ್ ಸರಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ನಮ್ಮ ಕೂಡಲಸಂಗಮದಲ್ಲೂ ಒಂದು ಶಾಖೆಯಿದೆ. ಅಂಥ ಕಡೆ ಹುಡುಗರು ಮೊದಲು ಕಲಿಯುವುದೇ ಇದನ್ನು: ಚಪ್ಪಟೆ ಆಕಾರವನ್ನು ಎಳೆದು ಉದ್ದಮಾಡು, ಇಲ್ಲವೇ ಒಂದು ಅಕ್ಷದ ಸುತ್ತ ತಿರುಗಿಸು, ಬೇಡದ್ದನ್ನು ಕತ್ತರಿಸು. ನಾಲ್ಕೈದು ಹೆಜ್ಜೆಗೆ ಗಾಲಿಯೋ ಗಿಯರೋ ಎದ್ದು ನಿಲ್ಲುತ್ತದೆ.

ಗೋಳಗುಮ್ಮಟದ ಹಳೆಯ ನಕ್ಷೆಯನ್ನು ಅದೇ ಹೆಜ್ಜೆಗಳಿಂದ ಎಬ್ಬಿಸಲು ಹೋದರೆ ಏನಾಗುತ್ತದೆ? ಚೌಕವನ್ನು ಎತ್ತಿದರೆ ಗೋಡೆ ಬರುತ್ತದೆ. ಛೇದಚಿತ್ರದ ಅರ್ಧ ಗೆರೆಯನ್ನು ನಡುವಿನ ಅಕ್ಷದ ಸುತ್ತ ತಿರುಗಿಸಿದರೆ ಗುಮ್ಮಟ ಬರುತ್ತದೆ. ಇವೆರಡರ ನಡುವಿನ ಬಾಗುಮೈ ಎತ್ತಿದರೂ ಬರುವುದಿಲ್ಲ, ತಿರುಗಿಸಿದರೂ ಬರುವುದಿಲ್ಲ. ಎಂಟು ಕಮಾನುಗಳನ್ನು ಒಂದೊಂದಾಗಿ ನಿಲ್ಲಿಸಿ, ಎಲ್ಲಿ ಕೂಡುತ್ತವೆಂದು ಕಂಡುಹಿಡಿದು, ನಡುವಿನ ಮೈಯನ್ನು ಕಟ್ಟಬೇಕು. ಹದಿನೇಳನೆಯ ಶತಮಾನದ ಗೌಂಡಿಯ ತಲೆಯಲ್ಲಿದ್ದ ಕ್ರಮವೂ ಹೆಚ್ಚುಕಡಿಮೆ ಇದೇ ಇರಬೇಕು. ಅಂಕಿಗಳೂ ತಕರಾರು ತೆಗೆಯುತ್ತವೆ. ಫರ್ಗ್ಯುಸನ್ ಎತ್ತರವನ್ನು ಒಳಗೆ 175 ಅಡಿ, ಹೊರಗೆ 198 ಅಡಿ ಎನ್ನುತ್ತಾನೆ. ಗುಮ್ಮಟದ ದಪ್ಪ ಸುಮಾರು 10 ಅಡಿ. ಹಾಗಾದರೆ ನಡುವಿನ 23 ಅಡಿ ಎಲ್ಲಿಂದ ಬಂತು? ನೆತ್ತಿಯ ಕಂಬವನ್ನೂ ಸೇರಿಸಿ, ಹೊರಗಿನ ಜಗತಿಯ ಬುಡದಿಂದ ಅಳೆದರೆ ಮಾತ್ರ ಲೆಕ್ಕ ಕೂಡೀತು. ಪುಸ್ತಕದ ಪುಟದಲ್ಲಿ ಈ ಪ್ರಶ್ನೆ ಯಾರನ್ನೂ ಕಾಡುವುದಿಲ್ಲ. ಮಾದರಿಯಲ್ಲಿ ಗುಮ್ಮಟ ಗಾಳಿಯಲ್ಲಿ ತೇಲಿದಾಗ ಕಾಡುತ್ತದೆ.

ಈ ಅನುಭವಗಳೆಲ್ಲ ದೊಡ್ಡ ಪ್ರಮಾಣದಲ್ಲಿ ಒಟ್ಟಾದದ್ದು ಹಂಪಿಯಲ್ಲಿ. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ 1980ರ ದಶಕದಿಂದ ಅಲ್ಲಿ ವರ್ಷ ವರ್ಷ ಬೀಡುಬಿಟ್ಟು, ವಾಸ್ತು ವಿದ್ಯಾರ್ಥಿಗಳಿಂದ ಕೈನಕ್ಷೆಗಳನ್ನು ಬರೆಸಿದರು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮುಂದೆ ಭಾರತೀಯ ಡಿಜಿಟಲ್ ಪರಂಪರೆ ಯೋಜನೆಯನ್ನು ಕೈಗೊಂಡಾಗ ಪ್ರಯೋಗಕ್ಕೆ ಆರಿಸಿಕೊಂಡದ್ದು ಹಂಪಿಯನ್ನೇ. ಕಂಪ್ಯೂಟರ್ ವಿಜ್ಞಾನಿಗಳು, ವಿನ್ಯಾಸಕಾರರು, ಇತಿಹಾಸಕಾರರು ಒಂದೇ ಮೇಜಿಗೆ ಬಂದರು. ಸಾಂತನು ಚೌಧುರಿ, ವಿಜಯ್ ಚಂದ್ರು, ಶಾರದಾ ಶ್ರೀನಿವಾಸನ್ ಮತ್ತು ಅನುಪಮಾ ಮಲ್ಲಿಕ್ ಸಂಪಾದಿಸಿದ, ಆ ಕೆಲಸವನ್ನು ಕುರಿತ ಪುಸ್ತಕ 2017ರಲ್ಲಿ ಬಂತು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು, ಅಂದರೆ ಇಂದಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವೂ ಇದರಲ್ಲಿತ್ತು. ಉಮಾ ಮುದೇನಗುಡಿಯವರ ತಂಡ ಫೋಟೋಗಳಿಂದ ಮೂರು ಆಯಾಮದ ಮಾದರಿ ಎಬ್ಬಿಸುವ, ಮಾದರಿಯಲ್ಲಿ ಖಾಲಿ ಬಿದ್ದ ಜಾಗವನ್ನು ಸುತ್ತಲಿನ ಮೈಯ ಬಾಗನ್ನು ಅನುಸರಿಸಿ ತುಂಬುವ ಗಣಿತದಲ್ಲಿ ತೊಡಗಿತು. ಬಿಗ್ಸ್‌ನ ಕ್ಯಾಮೆರಾವೂ ಹಾರ್ಟ್‌ನ ಅಳತೆಯೂ ಕೊನೆಗೆ ಒಂದೇ ಕಡೆ ಸೇರಿದ್ದು ಇಲ್ಲಿ ಎನ್ನಬಹುದು.

ತುಂಬುವುದು ಎಂದೊಡನೆ ಜಗಳವೂ ಬಂತು. ಮುರಿದ ಮೂಗನ್ನು ಯಂತ್ರ ತುಂಬಿದರೆ ಅದು ಶಿಲ್ಪಿಯ ಮೂಗೋ, ಗಣಿತದ ಮೂಗೋ? ಯುರೋಪಿನಲ್ಲಿ ಇಂಥ ವಾದಗಳಿಂದಲೇ 2006ರ ಲಂಡನ್ ಚಾರ್ಟರ್, 2011ರ ಸೆವಿಲ್ ತತ್ವಗಳು ಹುಟ್ಟಿದವು. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಮಾದರಿಯಲ್ಲೇ ಬೇರೆ ಬೇರೆಯಾಗಿ ಕಾಣಬೇಕು ಎಂಬುದು ಅವುಗಳ ಒತ್ತಾಯ. ಐಹೊಳೆಗೆ ಇದನ್ನು ಅನ್ವಯಿಸಿ ನೋಡಿ. ದುರ್ಗದ ಗುಡಿಯ ಶಿಖರದ ನೆತ್ತಿಯ ಕಲ್ಲಾದ ಆಮಲಕ ಉರುಳಿ ಕೆಳಗೆ ನೆಲದ ಮೇಲಿದೆ. ಆ ಶಿಖರವೇ ನಂತರದ ಸೇರ್ಪಡೆ ಎನ್ನುವ ವಿದ್ವಾಂಸರೂ ಇದ್ದಾರೆ. ಮಾದರಿ ಕಟ್ಟುವವನು ಆ ಕಲ್ಲನ್ನು ಎತ್ತಿ ಮೇಲಿಡಬೇಕೆ, ಇದ್ದಲ್ಲೇ ಬಿಡಬೇಕೆ, ಇಲ್ಲ ಶಿಖರವನ್ನೇ ತೆಗೆದು ಚಪ್ಪಟೆ ಛಾವಣಿಯನ್ನು ತೋರಿಸಬೇಕೆ? ಹಳೆಯ ನಕ್ಷೆಗಾರನಿಗೆ ಈ ಕಷ್ಟವಿರಲಿಲ್ಲ, ಆ ತುದಿಯಲ್ಲಿ ಗೆರೆಯನ್ನು ನಿಲ್ಲಿಸಿದರೆ ಸಾಕಿತ್ತು. ಮೂರನ್ನೂ ಬೇರೆ ಬೇರೆ ಪದರಗಳಲ್ಲಿ ಇಟ್ಟು, ಪ್ರತಿ ಪದರದ ಮೇಲೂ ಅದನ್ನು ತೀರ್ಮಾನಿಸಿದವರ ಹೆಸರನ್ನು ಬರೆದಿಡುವುದೇ ಸರಿ ಎಂದು ನನಗನಿಸುತ್ತದೆ. 1859ರ ಮೇಲುಪುಟದಲ್ಲಿ ಹೆಸರಿಲ್ಲದೆ ಹೋದವರಿಗೆ ಆ ಅನುಕೂಲ ಸಿಕ್ಕಿರಲಿಲ್ಲ.